ಬಚ್ಚಲ ನೀರು ಮತ್ತು ನನ್ನ ಒಂದು ತಪ್ಪು ಉತ್ತರ

ವಿಜಯನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕಿದ್ದಾಗ ಹತ್ತನೇ ತರಗತಿಗೆ ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಪಾಠ ಮಾಡುತ್ತಿದ್ದೆ. ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದೆ, ನೊರೆ ಉಕ್ಕಿತು. “ಮಿಸ್, ಇದನ್ನ ಬಚ್ಚಲಿಗೆ ಹಾಕಿದ್ರೆ ನೀರು ಸಲೀಸಾಗಿ ಹೋಗುತ್ತಾ?” ಎಂದು ಹುಡುಗಿಯೊಬ್ಬಳು ಕೇಳಿದಳು. ಯೋಚಿಸದೆ ಹೌದೆಂದೆ.

ಎರಡು ದಿನ ಬಿಟ್ಟು ಅವಳೇ ಬಂದಳು. “ಹಾಕಿದ್ವಿ ಮಿಸ್, ನೀರು ಹಾಗೇ ನಿಂತಿದೆ. ಈಗ ಬ್ಲೀಚಿಂಗ್ ಪುಡಿ ಹಾಕಿದ್ದಾರೆ. ಸಂಜೆ ಅಮ್ಮ ಆಸಿಡ್ ತರ್ತಾರಂತೆ.” ನನ್ನ ಎದೆ ಧಸಕ್ಕೆಂದಿತು. ಬ್ಲೀಚಿಂಗ್ ಪುಡಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೆ ಅಪಾಯ. ಕೂಡಲೇ ಮಾರ್ಗದರ್ಶಕ ಶಿಕ್ಷಕರಿಗೆ ತಿಳಿಸಿ, ಅವರಿಂದಲೇ ಮನೆಗೆ ಫೋನ್ ಮಾಡಿಸಿದೆ. ಆಸಿಡ್ ತರಲಿಲ್ಲ.

ನನ್ನ ಬಾಡಿಗೆ ಮನೆಯ ಬಚ್ಚಲಲ್ಲೂ ನೀರು ನಿಧಾನವಾಗಿಯೇ ಇಳಿಯುತ್ತಿತ್ತು. ಆ ರಾತ್ರಿ ಕೈಗವಸು ತೊಟ್ಟು ಜಾಲರಿ ತೆಗೆದೆ. ಕೆಳಗಿನ ಟ್ರ್ಯಾಪ್‌ನಲ್ಲಿ ಸ್ವಲ್ಪ ನೀರು ಸದಾ ನಿಂತಿರುತ್ತದೆ. ಚರಂಡಿಯ ವಾಸನೆ ಮೇಲೆ ಬಾರದಂತೆ ತಡೆಯುವುದು ಅದೇ. ಕಸ ಸಿಕ್ಕಿಕೊಳ್ಳುವುದೂ ಅಲ್ಲೇ. ಅಲ್ಲಿದ್ದದ್ದು ಕೂದಲಿನ ಉಂಡೆ ಮತ್ತು ಬಿಳಿಯ ಗಸಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಈ ಗಸಿಯಾಗುತ್ತದೆ. ಸೋಡಾ, ವಿನೆಗರ್ ಒಂದನ್ನೊಂದು ತಟಸ್ಥಗೊಳಿಸಿಕೊಳ್ಳುತ್ತವೆ. ಆ ನೊರೆ ಕೂದಲನ್ನು ಕರಗಿಸದು.

ಹಾಗಾಗಿ ಕಸವನ್ನು ಹೊರಗೆಳೆಯಬೇಕು. ರಟ್ಟಿನ ಪೆಟ್ಟಿಗೆಗೆ ಸುತ್ತಿ ಬರುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯನ್ನು ಮೊಳದುದ್ದ ಕತ್ತರಿಸಿ, ಎರಡೂ ಅಂಚಿಗೆ ಓರೆಯಾಗಿ ಕಚ್ಚು ಹಾಕಿದೆ. ಕಚ್ಚಿನ ಮೊನೆ ಕೈಯ ಕಡೆಗೆ ಬಾಗಿರಬೇಕು. ಆಗ ಪಟ್ಟಿ ಸುಲಭವಾಗಿ ಒಳಗಿಳಿದು, ಎಳೆಯುವಾಗ ಕೂದಲನ್ನು ಹಿಡಿಯುತ್ತದೆ. ನಾಲ್ಕು ಸಲಕ್ಕೆ ಉಂಡೆ ಹೊರಬಂತು.

ಉಳಿದ ಗಸಿಗೆ ನೀರಿನ ಬಾಟಲಿ ಸಾಕು. ವಾಶ್‌ಬೇಸಿನ್ನಿನ ಪೈಪು ಅದೇ ಟ್ರ್ಯಾಪ್‌ಗೆ ಸೇರುವಂತಿದ್ದರೆ ಬೇಸಿನ್ನಿನ ತೂತಿಗೆ ಒದ್ದೆ ಬಟ್ಟೆ ತುರುಕಿ. ಇಲ್ಲದಿದ್ದರೆ ಒತ್ತಡ ಅಲ್ಲಿಂದ ತಪ್ಪಿಸಿಕೊಳ್ಳುತ್ತದೆ. ತುಂಬಿದ ಬಾಟಲಿಯ ಬಾಯಿಗೆ ಬಟ್ಟೆ ಸುತ್ತಿ, ಟ್ರ್ಯಾಪ್‌ನ ಕಿಂಡಿಗೆ ಬಿಗಿಯಾಗಿಟ್ಟು ಜೋರಾಗಿ ಹಿಸುಕಬೇಕು. ಮೊದಲೇ ಹೀಗೆ ಮಾಡಿದರೆ ಉಂಡೆ ಇನ್ನೂ ಒಳಗೆ ಹೋದೀತು. ಕುದಿಯುವ ನೀರು ಬೇಡ, ಪಿವಿಸಿ ಪೈಪು ಮೆತ್ತಗಾಗುತ್ತದೆ. ಇವು ಯಾವುದೇ ರಾಸಾಯನಿಕ ಹಾಕಿರದ ಬಚ್ಚಲಿಗೆ ಮಾತ್ರ. ರಸ್ತೆಯ ಮ್ಯಾನ್‌ಹೋಲ್ ಕಟ್ಟಿಕೊಂಡಿದ್ದರೆ ಜಲಮಂಡಳಿಯ 1916ಕ್ಕೆ ಕರೆ ಮಾಡಬೇಕು. ಯಾರನ್ನೂ ಒಳಗೆ ಇಳಿಸಬಾರದು. ಸುರಕ್ಷತಾ ಸಾಧನಗಳಿಲ್ಲದೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ.

ಮರುದಿನ ತರಗತಿಯಲ್ಲಿ “ನಾನು ಹೇಳಿದ್ದು ತಪ್ಪು” ಎಂದು ಒಪ್ಪಿಕೊಂಡು, ಪಟ್ಟಿಯನ್ನು ತೋರಿಸಿದೆ. ಪಾಠಯೋಜನೆಯಲ್ಲಿ ಈಗ ಒಂದು ಸಾಲು ಸೇರಿಸಿಕೊಂಡಿದ್ದೇನೆ: ಇದನ್ನು ನಾನು ಮಾಡಿ ನೋಡಿದ್ದೇನೆಯೇ? ನಾವು ತರಗತಿಯಲ್ಲಿ ಆಡಿದ ಮಾತನ್ನು ಮಕ್ಕಳು ಸಂಜೆ ಮನೆಯಲ್ಲಿ ಪ್ರಯೋಗಿಸುತ್ತಾರೆ.