ಗ್ರಹಣವೂ ಗರ್ಭವೂ

ಮಹಾಭಾರತದಲ್ಲಿ ವ್ಯಾಸರ ರೂಪಕ್ಕೆ ಬೆದರಿ ಅಂಬಿಕೆ ಕಣ್ಣು ಮುಚ್ಚಿದಳು. ಹುಟ್ಟಿದ ಧೃತರಾಷ್ಟ್ರ ಕುರುಡನಾದ. ಅಂಬಾಲಿಕೆ ಬಿಳಿಚಿಕೊಂಡಳು, ಪಾಂಡು ಬಿಳುಪಾದ. ಮೂವತ್ತು ವರ್ಷ ತರಗತಿಯಲ್ಲಿ ಈ ಕಥೆಯನ್ನು ನಾನು ಹೇಳಿದ್ದೇನೆ. ಮಗುವಿನ ಕೊರತೆಗೆ ತಾಯಿಯೇ ಹೊಣೆ ಎಂಬ ತೀರ್ಪು ಅದರೊಳಗೆ ಅಡಗಿದೆಯೆಂಬುದು ಮಾತ್ರ ನನಗೆ ತಡವಾಗಿ ಹೊಳೆಯಿತು. ಹೊಳೆಯುವಂತೆ ಮಾಡಿದ್ದು ನಮ್ಮ ಮನೆಯದೇ ಒಂದು ಪ್ರಸಂಗ.

1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣ. ಹುಬ್ಬಳ್ಳಿಯ ನಮ್ಮ ಮನೆಗೆ ಅಕ್ಕ ಚೊಚ್ಚಲ ಹೆರಿಗೆಗೆಂದು ಬಂದಿದ್ದಳು. ಹಸಿವು ತಾಳಲಾರದೆ ಈಳಿಗೆಯ ಮುಂದೆ ಕುಳಿತು ಒಂದು ಸೌತೆಕಾಯಿ ಹೆಚ್ಚಿದಳು. ಏಪ್ರಿಲ್ ನಡುವಿನಲ್ಲಿ ಹುಟ್ಟಿದ ಗಂಡುಮಗುವಿನ ಮೇಲ್ದುಟಿ ಸೀಳಿತ್ತು. "ಗ್ರಹಣದಾಗ ಈಳಿಗಿ ಮುಟ್ಟಿದಿ" ಎಂದು ಅವ್ವ ಒಮ್ಮೆ ಅಂದಳು, ನೆರೆಯವರು ನೂರು ಸಲ ಅಂದರು. ಎಂ.ಎ. ಓದುತ್ತಿದ್ದ ನಾನು ಬಾಯಿ ಬಿಡಲಿಲ್ಲ. ನನಗೂ ಒಳಗೊಳಗೇ ಅಳುಕಿತ್ತು.

ಗರ್ಭದಲ್ಲಿ ಮುಖವೆಂಬುದು ಒಮ್ಮೆಗೇ ಮೂಡುವುದಿಲ್ಲ. ಎರಡು ಪಕ್ಕಗಳಿಂದಲೂ ನಡುವಿನಿಂದಲೂ ಬೆಳೆದು ಬರುವ ಅಂಗಾಂಶಗಳು ಒಂದನ್ನೊಂದು ಕೂಡಿ ಬೆಸೆದುಕೊಳ್ಳಬೇಕು. ಗರ್ಭ ಕಟ್ಟಿದ ಏಳನೆಯ ವಾರದ ಸುಮಾರಿಗೆ ಮೇಲ್ದುಟಿಯ ಈ ಬೆಸುಗೆ ಮುಗಿದಿರುತ್ತದೆ; ಅಂಗುಳ ಇನ್ನೂ ಕೆಲವು ವಾರ ತೆಗೆದುಕೊಳ್ಳುತ್ತದೆ. ಎಲ್ಲಿ ಕೂಡಲಿಲ್ಲವೋ ಅಲ್ಲಿ ಸೀಳು ಉಳಿಯುತ್ತದೆ. ಅಂದರೆ ಅದು ಯಾರೋ ಕತ್ತರಿಸಿದ್ದಲ್ಲ, ಕೂಡದೆ ಉಳಿದದ್ದು. ಅಕ್ಕನ ಮಗುವಿನ ತುಟಿಯ ವಿಷಯ 1979ರ ಸೆಪ್ಟೆಂಬರಿನಲ್ಲೇ ತೀರ್ಮಾನವಾಗಿಹೋಗಿತ್ತು. ಗ್ರಹಣ ಬಂದದ್ದು ಅದಾಗಿ ಐದು ತಿಂಗಳಿಗೆ!

ನನ್ನ ಸೊಸೆ ಬಸುರಿಯಾದಾಗ ವೈದ್ಯರ ಬಾಯಿಂದ ಇದನ್ನು ಕೇಳಿ ಬಂದು ಅಕ್ಕನಿಗೆ ಹೇಳಿದೆ. ಅವಳು ಬೆರಳು ಮಡಿಚಿ ತಿಂಗಳುಗಳನ್ನು ಎರಡು ಸಲ ಎಣಿಸಿದಳು. "ಅವ್ವ ಇದ್ದಾಗ ಹೇಳಬೇಕಿತ್ತಪಾ" ಎಂದಳು. ಅವ್ವ ತೀರಿಕೊಂಡು ಆಗಲೇ ಎಷ್ಟೋ ವರ್ಷಗಳಾಗಿದ್ದವು.

ಹಾಗಾದರೆ ಕಾರಣವೇನು? ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವುದು ಬಹಳಷ್ಟು ಸಲ ವೈದ್ಯರಿಗೂ ಸಾಧ್ಯವಾಗುವುದಿಲ್ಲ. ವಂಶವಾಹಿಗಳ ಪಾಲಿದೆ, ಹೊಗೆಸೊಪ್ಪು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಔಷಧಗಳು ಅಪಾಯವನ್ನು ಹೆಚ್ಚಿಸುತ್ತವೆ. (ಹೀಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬೇಕು.) ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಬಳಕೆಯೂ ನಿರಪಾಯಕಾರಿಯಲ್ಲ. ಒಂದೇ ಹಿರಿಯರಿಂದ ಇಳಿದು ಬಂದ, ಮರೆಯಲ್ಲಿದ್ದ ದೋಷವೊಂದು ತಂದೆತಾಯಿ ಇಬ್ಬರಿಂದಲೂ ಮಗುವಿಗೆ ಸೇರುವ ಸಂಭವ ಅಲ್ಲಿ ಹೆಚ್ಚು.

ತಾಯಿ ತಿಳಿದು ಮಾಡಿದ ತಪ್ಪೇ ಇಲ್ಲದೆ ಹೊರಗಿನಿಂದ ಬಂದೆರಗುವ ಆಪತ್ತುಗಳೂ ಉಂಟು. ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದ್ದ ತಾಯಂದಿರ ಮಕ್ಕಳಿಗೆ ಹುಟ್ಟುಪೊರೆ ಇರುವುದನ್ನು ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಕಂಡುಹಿಡಿದರು. ತಾಯಿಗೆ ಬಂದದ್ದು ನಾಲ್ಕು ದಿನದ ಜ್ವರ, ಮೈಮೇಲೆ ಒಂದಿಷ್ಟು ಗಂಧೆ, ಅಷ್ಟೇ. ಥಾಲಿಡೊಮೈಡ್ ಎಂಬ ಮಾತ್ರೆ ಇನ್ನೂ ಘೋರ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಬಸುರಿಯರ ವಾಕರಿಕೆಗೂ ಬಳಕೆಯಾಗಿ, 1961ರಲ್ಲಿ ಹಿಂತೆಗೆದುಕೊಳ್ಳುವ ಹೊತ್ತಿಗೆ ಸಾವಿರಾರು ಕೂಸುಗಳು ಮೊಟಕು ಕೈಕಾಲುಗಳೊಡನೆ ಹುಟ್ಟಿದ್ದವು.

ತಡೆಯಬಹುದಾದದ್ದನ್ನೂ ಹೇಳಬೇಕು. ಮಿದುಳು, ಬೆನ್ನುಹುರಿಗಳಾಗುವ ನರನಾಳ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದೇ ತಿಳಿದಿರುವುದಿಲ್ಲ. ಆದುದರಿಂದ ಫೋಲಿಕ್ ಆಮ್ಲದ ಮಾತ್ರೆಯನ್ನು, ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ಧರಿಸುವ ಮುನ್ನವೇ ಆರಂಭಿಸಿ ಮೊದಲ ಮೂರು ತಿಂಗಳು ಮುಂದುವರಿಸಬೇಕು. ಹಿಂದೊಮ್ಮೆ ಇಂಥ ದೋಷವುಳ್ಳ ಮಗು ಹುಟ್ಟಿದ್ದರೆ ಪ್ರಮಾಣ ಬೇರೆ. ಅದನ್ನು ವೈದ್ಯರೇ ಹೇಳಬೇಕು. ರುಬೆಲ್ಲಾ ಲಸಿಕೆಯೂ ಬಸಿರಿಗೆ ಮೊದಲೇ ಆಗಬೇಕು, ಬಸಿರಿನಲ್ಲಿ ಕೂಡದು.

ಇಷ್ಟಾದರೂ ಸೀಳುತುಟಿಯ ಮಗು ಹುಟ್ಟಬಹುದು. ಮೊಲೆ ಚೀಪುವುದು ಕಷ್ಟವಾಗಬಹುದಾದ್ದರಿಂದ ಹಾಲೂಡಿಸುವ ಕ್ರಮವನ್ನು ಮೊದಲ ದಿನವೇ ಕೇಳಿ ತಿಳಿಯಬೇಕು. ತುಟಿಯ ಶಸ್ತ್ರಕ್ರಿಯೆ ಸಾಮಾನ್ಯವಾಗಿ ಮೂರರಿಂದ ಆರನೆಯ ತಿಂಗಳಿನೊಳಗೆ ನಡೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆಯ ಏರ್ಪಾಡಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ನನ್ನ ಅಕ್ಕನ ಮಗನಿಗೆ ಆ ಹೊಲಿಗೆ ಬಿದ್ದದ್ದು ಅವನ ನಾಲ್ಕನೆಯ ವರ್ಷದಲ್ಲಿ. ಈಗ ಅವನು ಮೀಸೆ ಬಿಟ್ಟಿದ್ದಾನೆ.