ಚಂದ್ರನ ಮೇಲೆ ಬಿಟ್ಟುಬಂದ ಉಪಕರಣಗಳು

1969ರ ಜುಲೈ ತಿಂಗಳಿನಿಂದ 1972ರ ಡಿಸೆಂಬರ್ ತಿಂಗಳವರೆಗೆ ಆರು ಸಲ ಮಾನವನು ಚಂದ್ರನ ಮೇಲಿಳಿದು ಸುರಕ್ಷಿತವಾಗಿ ಹಿಂದಿರುಗಿದನು. ಹನ್ನೆರಡು ಮಂದಿ ಅಮೆರಿಕನ್ ಗಗನಯಾತ್ರಿಗಳು ಅಲ್ಲಿಂದ ಹೊತ್ತುತಂದ ಕಲ್ಲುಮಣ್ಣುಗಳ ತೂಕ 382 ಕಿಲೋಗ್ರಾಂಗಳು. ತಂದುದರ ವಿಷಯವಾಗಿ ವಿದ್ಯಾರ್ಥಿಗಳು ಅಷ್ಟಿಷ್ಟು ಓದಿಯೇ ಇರುತ್ತಾರೆ. ಬಿಟ್ಟುಬಂದುದರ ವಿಷಯ ಬಂದಾಗ ಮಾತ್ರ ಧ್ವಜ ಮತ್ತು ಹೆಜ್ಜೆಗುರುತುಗಳನ್ನುಳಿದು ಬೇರೇನೂ ನೆನಪಿಗೆ ಬರುವುದಿಲ್ಲ. ಆದರೆ ವಿಜ್ಞಾನದ ದೃಷ್ಟಿಯಿಂದ ನೋಡಿದರೆ, ಅಲ್ಲಿ ಬಿಟ್ಟುಬಂದ ಉಪಕರಣಗಳ ಕಥೆಯು ತಂದ ಶಿಲೆಗಳ ಕಥೆಗಿಂತ ಯಾವ ರೀತಿಯಲ್ಲಿಯೂ ಕಡಿಮೆಯದಲ್ಲ. ಶಿಲೆಗಳು ಚಂದ್ರನ ಹಿಂದಿನ ಕಾಲವನ್ನು ಹೇಳಿದವು. ಉಪಕರಣಗಳಾದರೋ ಯಾತ್ರಿಕರು ಮನೆ ಸೇರಿದ ಮೇಲೂ ಅಲ್ಲಿಯೇ ನಿಂತು, ಆ ಗೋಳದ ಒಡಲಲ್ಲಿ ನಡೆಯುವುದನ್ನು ವರ್ಷಾನುಗಟ್ಟಲೆ ವರದಿಮಾಡುತ್ತಿದ್ದವು.

ಮೊದಲ ಯಾತ್ರೆಯಾದ ಅಪೋಲೋ 11ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಎಡ್ವಿನ್ ಆಲ್ಡ್ರಿನ್ ಇವರಿಗೆ ಹೊರಗೆ ಸಂಚರಿಸಲು ದೊರೆತ ಕಾಲ ಸುಮಾರು ಎರಡೂವರೆ ಗಂಟೆ ಮಾತ್ರ. ಮೊದಲು ಯೋಜಿಸಿದ್ದ ದೊಡ್ಡ ಉಪಕರಣ ಸಮೂಹವನ್ನು ಆ ಅಲ್ಪಾವಧಿಯಲ್ಲಿ ಹೂಡುವುದು ಸಾಧ್ಯವಿಲ್ಲವೆಂದು ತಿಳಿದು, ಅದನ್ನು ಮುಂದಿನ ಯಾತ್ರೆಗೆ ಕಾಯ್ದಿರಿಸಿ, ಸುಲಭವಾಗಿ ಇರಿಸಬಹುದಾದ ಸಣ್ಣ ಸಲಕರಣೆಗಳನ್ನಷ್ಟೇ ಕಳುಹಿಸಲಾಯಿತು. ಅವುಗಳಲ್ಲಿ ಮುಖ್ಯವಾದವು ಎರಡು: ಒಂದು ಕಂಪಮಾಪಕ, ಇನ್ನೊಂದು ಪ್ರತಿಫಲಕ. ಕಂಪಮಾಪಕವು ಬಲು ಸೂಕ್ಷ್ಮವಾದುದು. ಯಾತ್ರಿಕರ ಹೆಜ್ಜೆಯ ಸಪ್ಪಳವನ್ನೂ, ಅವರು ಹೊರಗೆಸೆದ ಬೆನ್ನುಚೀಲಗಳು ನೆಲಕ್ಕೆ ಬಿದ್ದ ಪೆಟ್ಟನ್ನೂ ಅದು ಭೂಮಿಗೆ ತಿಳಿಸಿತು. ಆದರೆ ಅದು ನಡೆಯುತ್ತಿದ್ದುದು ಸೂರ್ಯನ ಬೆಳಕಿನಿಂದ. ಚಂದ್ರನ ಮಧ್ಯಾಹ್ನದ ಬಿಸಿಲನ್ನೂ ಅದರ ಹಿಂದೆಯೇ ಬರುವ ಹದಿನಾಲ್ಕು ದಿನಗಳ ರಾತ್ರಿಯನ್ನೂ ಅದು ಹೆಚ್ಚು ಕಾಲ ತಾಳಿಕೊಳ್ಳಲಾರದೆ, ಆಗಸ್ಟ್ ತಿಂಗಳು ಮುಗಿಯುವುದರೊಳಗಾಗಿ ಮೂಕವಾಯಿತು. ಪ್ರತಿಫಲಕವಾದರೋ ಇಂದಿಗೂ ಕೆಲಸಮಾಡುತ್ತಿದೆ.

ಈ ಪ್ರತಿಫಲಕದಲ್ಲಿ ವಿದ್ಯುತ್ತಿಲ್ಲ, ಯಂತ್ರವಿಲ್ಲ, ಚಲಿಸುವ ಯಾವ ಭಾಗವೂ ಇಲ್ಲ. ಒಂದು ಚೌಕಟ್ಟಿನೊಳಗೆ ಸಾಲಾಗಿ ಕೂಡಿಸಿದ 100 ಸ್ಫಟಿಕದಂಥ ಗಾಜಿನ ತುಂಡುಗಳು, ಪ್ರತಿಯೊಂದರ ವ್ಯಾಸ 3.8 ಸೆಂಟಿಮೀಟರ್, ಇಷ್ಟೇ ಅದರ ಸ್ವರೂಪ. ಅದರ ಮರ್ಮವನ್ನರಿಯಲು ಕೋಣೆಯ ಮೂಲೆಯನ್ನು ನೋಡಿದರೆ ಸಾಕು. ಅಲ್ಲಿ ಎರಡು ಗೋಡೆಗಳೂ ನೆಲವೂ ಒಂದಕ್ಕೊಂದು ಲಂಬವಾಗಿ ಕೂಡಿರುತ್ತವೆ. ಆ ಮೂರಕ್ಕೂ ಕನ್ನಡಿ ಹಚ್ಚಿ ಮೂಲೆಯತ್ತ ಒಂದು ಕಿರಣವನ್ನು ಬಿಟ್ಟರೆ, ಅದು ಮೂರಕ್ಕೂ ತಗುಲಿ, ಯಾವ ದಿಕ್ಕಿನಿಂದ ಬಂದಿತ್ತೋ ಸರಿಯಾಗಿ ಆ ದಿಕ್ಕಿಗೇ ಮರಳುತ್ತದೆ. ಸಾಮಾನ್ಯ ಕನ್ನಡಿಯು ಓರೆಯಾಗಿ ಬಂದ ಬೆಳಕನ್ನು ಇನ್ನೊಂದು ಪಕ್ಕಕ್ಕೆ ಎಸೆಯುತ್ತದೆ. ಮೂಲೆಗನ್ನಡಿಯಾದರೋ ಕಳುಹಿಸಿದವರಿಗೇ ಒಪ್ಪಿಸುತ್ತದೆ. ಸೈಕಲ್ಲಿನ ಹಿಂಬದಿಯ ಕೆಂಪು ಬಿಲ್ಲೆಯು ಕತ್ತಲಲ್ಲಿ ಮೋಟಾರಿನ ದೀಪಕ್ಕೆ ಹೊಳೆಯುವುದು ಇದೇ ತತ್ತ್ವದಿಂದ. ಊರ ರಸ್ತೆಯಲ್ಲಿ ದಿನವೂ ಕಾಣುವ ಆ ಬಿಲ್ಲೆಗೂ ಚಂದ್ರಲೋಕದ ಉಪಕರಣಕ್ಕೂ ಇಂಥ ನೆಂಟಸ್ತಿಕೆ ಇರುವುದು ಸೋಜಿಗದ ಸಂಗತಿಯೇ ಸರಿ.

ಯಾತ್ರಿಕರು ಚಂದ್ರನನ್ನು ಬಿಟ್ಟು ಹನ್ನೊಂದು ದಿನಗಳಾದ ಮೇಲೆ, 1969ರ ಆಗಸ್ಟ್ 1ರಂದು, ಕ್ಯಾಲಿಫೋರ್ನಿಯಾದ ಲಿಕ್ ವೇಧಶಾಲೆಯವರು ದೊಡ್ಡ ದೂರದರ್ಶಕದ ಮೂಲಕ ಲೇಸರ್ ಕಿರಣವನ್ನು ಬಿಟ್ಟು, ಈ ಪ್ರತಿಫಲಕದಿಂದ ಮರಳಿದ ಬೆಳಕನ್ನು ಮೊದಲ ಬಾರಿಗೆ ಹಿಡಿದರು. ಹೋಗಿಬರಲು ಬೆಳಕಿಗೆ ಸುಮಾರು ಎರಡೂವರೆ ಸೆಕೆಂಡು ಬೇಕು. ಆ ಕಾಲವನ್ನು ಕರಾರುವಾಕ್ಕಾಗಿ ಅಳೆದರೆ ದೂರವು ತಾನಾಗಿಯೇ ದೊರೆಯುತ್ತದೆ. ಹೇಳುವುದಕ್ಕೆ ಇದು ಸುಲಭ, ಮಾಡುವುದು ಕಷ್ಟ. ಎಷ್ಟೇ ಸಪುರವಾದ ಕಿರಣವಾದರೂ ಚಂದ್ರನನ್ನು ಮುಟ್ಟುವಷ್ಟರಲ್ಲಿ ಕಿಲೋಮೀಟರುಗಳ ಅಗಲಕ್ಕೆ ಹರಡಿಹೋಗಿರುತ್ತದೆ. ಅದರಲ್ಲೊಂದು ಅತ್ಯಲ್ಪ ಭಾಗ ಮಾತ್ರ ಪ್ರತಿಫಲಕದ ಮೇಲೆ ಬೀಳುತ್ತದೆ. ಮರಳುವಾಗ ಅದೂ ಹರಡುತ್ತದೆ. ಕೊನೆಗೆ ಕೋಟ್ಯನುಕೋಟಿ ಬೆಳಕಿನ ಕಣಗಳನ್ನು ಕಳುಹಿಸಿದ ದೂರದರ್ಶಕಕ್ಕೆ ಒಂದು ಮಿಡಿತಕ್ಕೆ ಒಂದು ಕಣ ದೊರೆತರೆ ಅದೇ ಭಾಗ್ಯ.

ಹೀಗೆ ಕಣಕಣವಾಗಿ ಕೂಡಿಸಿದ ಲೆಕ್ಕದಿಂದ ಅನೇಕ ಸಂಗತಿಗಳು ಹೊರಬಿದ್ದವು. ಚಂದ್ರನು ವರ್ಷಕ್ಕೆ 3.8 ಸೆಂಟಿಮೀಟರಿನಂತೆ ಭೂಮಿಯಿಂದ ದೂರ ಸರಿಯುತ್ತಿದ್ದಾನೆ. ಯಾತ್ರಿಕರು ಪ್ರತಿಫಲಕವನ್ನಿಟ್ಟ ಮೇಲೆ ಐವತ್ತು ವರ್ಷಗಳಲ್ಲಿ ಅವನು ಒಂದಾಳೆತ್ತರಕ್ಕಿಂತ ಹೆಚ್ಚೇ ಸರಿದಿದ್ದಾನೆ. ಸಮುದ್ರದ ಉಬ್ಬರವಿಳಿತಗಳು ಭೂಮಿಯ ಆವರ್ತನೆಯನ್ನು ತಡೆದು ನಿಧಾನಗೊಳಿಸುವುದೂ, ಆ ಚಲನಶಕ್ತಿಯ ಒಂದಂಶವು ಚಂದ್ರನ ಕಕ್ಷೆಯನ್ನು ಹಿಗ್ಗಿಸುವುದೂ ಇದಕ್ಕೆ ಕಾರಣ. ಇದಕ್ಕಿಂತ ಗಹನವಾದ ಇನ್ನೊಂದು ಪ್ರಶ್ನೆಗೂ ಇದೇ ಗಾಜಿನ ತುಂಡುಗಳಿಂದ ಉತ್ತರ ದೊರೆಯಿತು. ಭಾರವಾದ ಭೂಮಿ ಮತ್ತು ಹಗುರಾದ ಚಂದ್ರ ಇವೆರಡೂ ಸೂರ್ಯನ ಸೆಳೆತಕ್ಕೆ ಒಂದೇ ಸಮನಾಗಿ ಒಳಗಾಗುತ್ತವೆಯೇ ಎಂಬುದೇ ಆ ಪ್ರಶ್ನೆ. ಐನ್‌ಸ್ಟೈನರ ಸಿದ್ಧಾಂತವು ಹೌದೆನ್ನುತ್ತದೆ. ದಶಕಗಳ ಅಳತೆಯೂ ಹೌದೆಂದಿದೆ. 1971ರಲ್ಲಿ ಅಪೋಲೋ 15ರ ನಾಯಕ ಡೇವಿಡ್ ಸ್ಕಾಟ್ ಒಂದು ಸುತ್ತಿಗೆಯನ್ನೂ ಒಂದು ಹಕ್ಕಿಯ ಗರಿಯನ್ನೂ ಏಕಕಾಲಕ್ಕೆ ಕೈಬಿಟ್ಟು, ಗಾಳಿಯಿಲ್ಲದ ಚಂದ್ರನ ಮೇಲೆ ಎರಡೂ ಒಟ್ಟಿಗೆ ನೆಲ ಮುಟ್ಟುವುದನ್ನು ಲೋಕಕ್ಕೆ ತೋರಿಸಿದನು. ಅದೇ ಯಾತ್ರೆಯಲ್ಲಿ ಇರಿಸಿದ 300 ತುಂಡುಗಳ ದೊಡ್ಡ ಪ್ರತಿಫಲಕವು ಅದೇ ಪ್ರಯೋಗವನ್ನು ಭೂಮಿ ಚಂದ್ರರನ್ನೇ ಗರಿ ಸುತ್ತಿಗೆಗಳನ್ನಾಗಿಸಿಕೊಂಡು ನಡೆಸುತ್ತಿದೆಯೆಂದರೆ ತಪ್ಪಾಗಲಾರದು.

ಅಪೋಲೋ 12ರಿಂದ ಮುಂದಕ್ಕೆ ಪೂರ್ಣಪ್ರಮಾಣದ ಉಪಕರಣ ಸಮೂಹಗಳು ಹೋದವು. ಇವುಗಳ ನಡುವೆ ಒಂದು ಕೇಂದ್ರ ಪೆಟ್ಟಿಗೆ. ಅದರಿಂದ ನಾನಾ ದಿಕ್ಕಿಗೆ ತಂತಿಗಳು. ಪ್ರತಿ ತಂತಿಯ ತುದಿಗೆ ಒಂದೊಂದು ಉಪಕರಣ. ಸೂರ್ಯನನ್ನು ನಂಬಿದ ಕಂಪಮಾಪಕದ ಗತಿಯನ್ನು ಊಹಿಸಿದ್ದವರಂತೆ, ಇವುಗಳಿಗೆ ಪ್ಲುಟೋನಿಯಂ ಧಾತುವಿನ ಕಾವಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಏರ್ಪಾಡನ್ನು ಮಾಡಲಾಗಿತ್ತು. ದೊರೆಯುತ್ತಿದ್ದುದು ಸುಮಾರು 70 ವಾಟ್, ಎಂದರೆ ಹಳೆಯ ಕಾಲದ ಒಂದು ವಿದ್ಯುದ್ದೀಪಕ್ಕೆ ಸಾಲುವಷ್ಟು. ಆದರೆ ಹಗಲಿರುಳೆನ್ನದೆ ದೊರೆಯುತ್ತಿತ್ತು. 1969ರ ನವೆಂಬರಿನಲ್ಲಿ ಅಲನ್ ಬೀನ್ ಆ ಪ್ಲುಟೋನಿಯಂ ಕೊಳವೆಯನ್ನು ಅದರ ಕವಚದಿಂದ ಎಳೆಯಹೋದಾಗ ಅದು ಕಚ್ಚಿಕೊಂಡು ಹೊರಬರಲೊಲ್ಲದಾಯಿತು. ಕೊನೆಗೆ ನಾಯಕನಾದ ಪೀಟ್ ಕಾನ್ರಾಡ್ ಸುತ್ತಿಗೆಯಿಂದ ಕವಚಕ್ಕೆ ಬಡಿಬಡಿದು ಅದನ್ನು ಸಡಿಲಿಸಬೇಕಾಯಿತು. ಅತ್ಯಾಧುನಿಕ ಯಂತ್ರವೊಂದು ಕಮ್ಮಾರಸಾಲೆಯ ಉಪಾಯದಿಂದ ಚಾಲೂ ಆಯಿತು.

ಆ ಯಾತ್ರಿಕರು ಮೇಲಕ್ಕೇರಿ ಮುಖ್ಯ ನೌಕೆಯನ್ನು ಸೇರಿದ ಮೇಲೆ, ತಾವು ಏರಿಬಂದ ಖಾಲಿ ವಾಹನವನ್ನು ಬೇಕೆಂದೇ ಚಂದ್ರನ ಮೇಲೆ ಕೆಡವಿದರು. ಪೆಟ್ಟಿಗೆ ಎದ್ದ ಕಂಪನವು ಕೆಲವು ನಿಮಿಷಗಳಲ್ಲಿ ಅಡಗುವುದೆಂದು ಎಣಿಸಿದ್ದ ವಿಜ್ಞಾನಿಗಳು ಬೆರಗಾದರು. ದೇವಾಲಯದ ದೊಡ್ಡ ಘಂಟೆಯನ್ನು ಹೊಡೆದ ಮೇಲೆ ನಾದವು ನಿಧಾನವಾಗಿ ಕರಗುವಂತೆ, ಚಂದ್ರನ ನೆಲವು ಹತ್ತಿರ ಹತ್ತಿರ ಒಂದು ಗಂಟೆಯ ಕಾಲ ನಡುಗುತ್ತಲೇ ಇತ್ತು. 1970ರ ಏಪ್ರಿಲಿನಲ್ಲಿ ಅಪೋಲೋ 13ರ ರಾಕೆಟ್ಟಿನ ಹಂತವೊಂದು ಬಂದು ಬಡಿದಾಗಲಂತೂ ಮೂರು ಗಂಟೆಗಳಿಗೂ ಮಿಕ್ಕಿ ನಡುಗಿತು. ಆ ಯಾತ್ರೆಯು ಮಾರ್ಗಮಧ್ಯದಲ್ಲಿ ಅಪಘಾತಕ್ಕೀಡಾಗಿ ಯಾತ್ರಿಕರು ಪ್ರಾಣ ಉಳಿಸಿಕೊಂಡು ಬಂದುದೇ ಹೆಚ್ಚಾಯಿತು; ಚಂದ್ರನ ಮೇಲಿಡಬೇಕೆಂದು ಒಯ್ದಿದ್ದ ಅವರ ಉಪಕರಣಗಳು ಭೂಮಿಯ ವಾತಾವರಣದಲ್ಲಿ ಉರಿದುಹೋದವು. ಅವರ ಯಾತ್ರೆಯಿಂದ ಚಂದ್ರವಿಜ್ಞಾನಕ್ಕೆ ಸಂದ ಕಾಣಿಕೆಯೆಂದರೆ ಆ ಒಂದು ಪೆಟ್ಟು. ಭೂಮಿಯ ಶಿಲೆಗಳಲ್ಲಿರುವ ನೀರಿನ ಅಂಶವು ಕಂಪನವನ್ನು ಬೇಗ ನುಂಗಿಬಿಡುತ್ತದೆ. ಚಂದ್ರನ ಮೇಲ್ಪದರವು ಒಣಗಿ, ಬಿರುಕುಬಿಟ್ಟು, ಕಂಪನವನ್ನು ಅತ್ತಿತ್ತ ಚೆದುರಿಸುತ್ತ ಬಹಳ ಹೊತ್ತು ಹಿಡಿದಿಡುತ್ತದೆ ಎಂಬುದು ಇದರಿಂದ ತಿಳಿಯಿತು.

ಅಪೋಲೋ 12, 14, 15 ಮತ್ತು 16ರ ಕಂಪಮಾಪಕಗಳು ಒಂದು ಜಾಲದಂತೆ ಒಟ್ಟಿಗೆ ಕೆಲಸಮಾಡಿದವು. ಚಂದ್ರನು ಸತ್ತ ಗೋಳವೆಂಬ ಭಾವನೆಯನ್ನು ಅವು ತಿದ್ದಿದವು. 700 ಕಿಲೋಮೀಟರಿಗಿಂತಲೂ ಆಳದಲ್ಲಿ, ಭೂಮಿಯ ಸೆಳೆತದ ಏರಿಳಿತವನ್ನನುಸರಿಸಿ, ತಿಂಗಳ ಲಯಕ್ಕೆ ತಕ್ಕಂತೆ ಸಣ್ಣ ಕಂಪನಗಳು ಮರುಕಳಿಸುತ್ತಿದ್ದವು. ಮೇಲ್ಪದರಕ್ಕೆ ಸಮೀಪದಲ್ಲಿ ಅಪರೂಪಕ್ಕೆ ಬಲವಾದ ಕಂಪನಗಳೂ ಆಗುತ್ತಿದ್ದವು. ಅಂಥವು 28 ಮಾತ್ರ ದಾಖಲಾದವು.

ಎಲ್ಲ ಪ್ರಯೋಗಗಳೂ ಕೈಗೂಡಲಿಲ್ಲ. ಚಂದ್ರನ ಒಡಲಿನಿಂದ ಹೊರಸೂಸುವ ಶಾಖವನ್ನು ಅಳೆಯಲು ನೆಲದಲ್ಲಿ ರಂಧ್ರ ಕೊರೆದು ಉಷ್ಣಮಾಪಕಗಳನ್ನಿಳಿಸುವ ಪ್ರಯೋಗವನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕಸ್ ಲ್ಯಾಂಗ್ಸೆತ್ ರೂಪಿಸಿದ್ದರು. ಅಪೋಲೋ 13ರೊಡನೆ ಒಮ್ಮೆ ಅದು ನಷ್ಟವಾಯಿತು. ಅಪೋಲೋ 15ರಲ್ಲಿ ನೆಲವು ಎಣಿಸಿದುದಕ್ಕಿಂತ ಗಟ್ಟಿಯಾಗಿದ್ದುದರಿಂದ ರಂಧ್ರಗಳು ಬೇಕಾದಷ್ಟು ಆಳಕ್ಕೆ ಇಳಿಯಲಿಲ್ಲ. 1972ರ ಏಪ್ರಿಲಿನಲ್ಲಿ, ಅಪೋಲೋ 16ರ ಯಾತ್ರೆಯಲ್ಲಿ, ಜಾನ್ ಯಂಗ್ ನಡೆದಾಡುವಾಗ ಉಪಕರಣದ ತಂತಿಯು ಅವನ ಕಾಲಿಗೆ ಸಿಕ್ಕಿ, ಅವನಿಗೆ ಅರಿವಾಗುವ ಮೊದಲೇ ಕಿತ್ತುಬಂದಿತು. ದಪ್ಪನಾದ ಉಡುಪಿನೊಳಗಿನಿಂದ ತನ್ನ ಕಾಲನ್ನು ತಾನೇ ನೋಡಿಕೊಳ್ಳಲಾಗದ ಸ್ಥಿತಿ ಅವನದು. ದುರಸ್ತಿಯ ಆಲೋಚನೆ ನಡೆಯಿತಾದರೂ ಸಮಯಾಭಾವದಿಂದ ಅದನ್ನು ಕೈಬಿಡಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕೊನೆಯ ಯಾತ್ರೆಯಾದ ಅಪೋಲೋ 17ರಲ್ಲಿ, ಲ್ಯಾಂಗ್ಸೆತ್ ಅವರ ಪ್ರಯೋಗ ಸಾಂಗವಾಗಿ ನೆರವೇರಿತು. ಹಗಲಿನಲ್ಲಿ ನೀರು ಕುದಿಯುವಷ್ಟು ಕಾಯುವ, ಇರುಳಿನಲ್ಲಿ ಶೂನ್ಯಕ್ಕಿಂತ 170 ಡಿಗ್ರಿ ಕೆಳಗಿಳಿಯುವ ಆ ನೆಲದಲ್ಲಿ, ಒಂದು ಮೀಟರು ಕೆಳಗೆ ಹೋದರೆ ಹಗಲಿರುಳಿನ ವ್ಯತ್ಯಾಸವೇ ತಿಳಿಯುವುದಿಲ್ಲವೆಂಬುದು ಆಗ ಖಚಿತವಾಯಿತು.

ಅದೇ ಅಪೋಲೋ 17ರಲ್ಲಿ ಜೋಸೆಫ್ ವೆಬರ್ ಎಂಬ ಭೌತವಿಜ್ಞಾನಿಯ ಗುರುತ್ವಮಾಪಕವೂ ಹೋಗಿತ್ತು. ಗುರುತ್ವದ ಅಲೆಗಳನ್ನು ಚಂದ್ರನ ಮೇಲೆ ಹಿಡಿಯಬೇಕೆಂಬುದು ಅವರ ಮಹದಾಶೆ. ಆದರೆ ಅದರ ತಕ್ಕಡಿಯ ದಂಡವು ಸಮತೂಕಕ್ಕೆ ಬರಲೇ ಇಲ್ಲ. ಹ್ಯಾರಿಸನ್ ಸ್ಮಿಟ್ ಮತ್ತೆ ಹೋಗಿ ತಟ್ಟಿ ನೋಡಿದರೂ ಫಲವಾಗಲಿಲ್ಲ. ಚಂದ್ರನ ಕಡಿಮೆ ಸೆಳೆತಕ್ಕೆ ಹೊಂದಿಸಬೇಕಾದ ತೂಕಗಳ ಲೆಕ್ಕದಲ್ಲಿ ಭೂಮಿಯ ಮೇಲೆಯೇ ಒಂದು ತಪ್ಪು ನುಸುಳಿತ್ತು. ಗಣಿತದ ಉತ್ತರವನ್ನು ಮತ್ತೊಮ್ಮೆ ತಾಳೆ ನೋಡಲು ಬೇಸರಪಡುವ ವಿದ್ಯಾರ್ಥಿಗಳಿಗೆ ಹೇಳಲು ಉಪಾಧ್ಯಾಯರಿಗೆ ಇದಕ್ಕಿಂತ ದುಬಾರಿಯಾದ ಉದಾಹರಣೆ ದೊರೆಯಲಾರದು.

ಅಪೋಲೋ 12ರ ಉಪಕರಣಗಳು ಒಂದು ವರ್ಷ ಬಾಳಿದರೆ ಸಾಕೆಂದು ರೂಪಿಸಲಾಗಿತ್ತು. ಅವು ಎಂಟು ವರ್ಷಗಳ ಹತ್ತಿರಕ್ಕೆ ಬಾಳಿದವು. 1977ರ ಸೆಪ್ಟೆಂಬರ್ 30ರಂದು ಭೂಮಿಯಿಂದಲೇ ಆಜ್ಞೆ ಹೋಗಿ ಕೇಂದ್ರಗಳ ಕಾರ್ಯವನ್ನು ನಿಲ್ಲಿಸಲಾಯಿತು. ಅವುಗಳ ವಿದ್ಯುತ್ತು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದುದು ನಿಜ. ಆದರೆ ನಿಲುಗಡೆಗೆ ಮುಖ್ಯ ಕಾರಣ ಹಣದ ಮುಗ್ಗಟ್ಟು. ಉಪಕರಣಗಳು ಹೇಳುವುದನ್ನು ಕೇಳಿ ಬರೆದಿಡಲು ಜನ ಬೇಕು, ಜನಕ್ಕೆ ಸಂಬಳ ಬೇಕು. ಮನುಷ್ಯನನ್ನು ಚಂದ್ರನಿಗೆ ಕಳುಹಿಸಲು ವೆಚ್ಚವಾದುದರ ಮುಂದೆ ಆ ಮೊತ್ತ ತೀರ ಚಿಕ್ಕದು. ಅದೂ ಸಹ ಆಗ ಹೆಚ್ಚೆನಿಸಿತು. ಇನ್ನೂ ಮಾತನಾಡಬಲ್ಲ ಉಪಕರಣಗಳ ಮಾತನ್ನು ಕೇಳುವವರೇ ಬೇಡವೆಂದರು.

ಅಷ್ಟಕ್ಕೇ ಮುಗಿಯದೆ, ಬರೆದಿಟ್ಟ ದಾಖಲೆಗಳಿಗೂ ಕುತ್ತು ಬಂದಿತು. ಶಾಖದ ಪ್ರಯೋಗದ 1974ರವರೆಗಿನ ಅಂಕಿಗಳು ಮಾತ್ರ ಭಂಡಾರದಲ್ಲಿ ಸೇರಿದ್ದವು. ಆಮೇಲಿನ ಸುರುಳಿಗಳು ಎಲ್ಲಿವೆಯೆಂಬುದೇ ಮರೆತುಹೋಯಿತು. ಲ್ಯಾಂಗ್ಸೆತ್ 1997ರಲ್ಲಿ ತೀರಿಕೊಂಡರು. ನೆಲದೊಳಗಿನ ಶಾಖವು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಏರುತ್ತಿದ್ದುದೇಕೆಂಬ ಪ್ರಶ್ನೆಗೆ ಅವರ ಕಾಲದಲ್ಲಿ ಸಮಾಧಾನ ದೊರೆಯಲಿಲ್ಲ. ಬಹುಕಾಲದ ಮೇಲೆ ಟೆಕ್ಸಾಸ್ ಪ್ರಾಂತದ ಸೇಯಿಚಿ ನಾಗಿಹಾರಾ ಮತ್ತು ಅವರ ಸಂಗಡಿಗರು ಹುಡುಕಾಟಕ್ಕೆ ತೊಡಗಿ, ಮೇರಿಲ್ಯಾಂಡಿನ ಸರಕಾರಿ ದಾಖಲೆಗಳ ಉಗ್ರಾಣವೊಂದರಲ್ಲಿ 1975ರ 440 ಸುರುಳಿಗಳನ್ನು ಕಂಡುಹಿಡಿದರು. ಹ್ಯೂಸ್ಟನ್ನಿನಲ್ಲಿ ದೊರೆತ ಹಳೆಯ ವಾರದ ವರದಿಗಳ ಕಾಗದಗಳಿಂದಲೂ ಅಂಕಿಗಳನ್ನು ಆಯ್ದು ಕೂಡಿಸಿದರು. 2018ರಲ್ಲಿ ಪ್ರಕಟವಾದ ಅವರ ತೀರ್ಮಾನ ಹೀಗಿದೆ: ಯಾತ್ರಿಕರು ನಡೆದಾಡಿ ತಿಳಿಬಣ್ಣದ ಮೇಲ್ಧೂಳನ್ನು ಕೆದಕಿದ್ದರಿಂದ ನೆಲದ ಬಣ್ಣ ಕೊಂಚ ಕಪ್ಪಾಯಿತು, ಕಪ್ಪಾದ ನೆಲ ಹೆಚ್ಚು ಬಿಸಿಲನ್ನು ಹೀರಿತು, ಆ ಕಾವು ಮೆಲ್ಲನೆ ಕೆಳಕ್ಕಿಳಿಯಿತು. ಅಳೆಯಹೋದವನ ಹೆಜ್ಜೆಯೇ ಅಳತೆಯೊಳಗೆ ಸೇರಿಕೊಂಡಿತ್ತು.

ಕಂಪನದ ದಾಖಲೆಗಳಿಗೆ ಇದಕ್ಕಿಂತ ಒಳ್ಳೆಯ ಗತಿ ದೊರೆಯಿತು. ಅಳತೆ ನಿಂತು ಮೂವತ್ತು ವರ್ಷಗಳ ಮೇಲೆ ರೆನೀ ವೆಬರ್ ಮೊದಲಾದವರು ಹೊಸ ಗಣನವಿಧಾನಗಳಿಂದ ಅವನ್ನು ಮತ್ತೆ ಪರಿಶೀಲಿಸಿ, ಚಂದ್ರನ ನಡುವೆ ಘನವಾದ ಒಂದು ತಿರುಳೂ ಅದನ್ನು ಸುತ್ತುವರಿದ ದ್ರವಪದರವೂ ಇವೆಯೆಂದು 2011ರಲ್ಲಿ ತಿಳಿಸಿದರು.

ಪ್ರತಿಫಲಕಗಳಿಗೂ ಮುಪ್ಪು ಬಾರದೆ ಇಲ್ಲ. 2006ರಿಂದ ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್ ವೇಧಶಾಲೆಯಲ್ಲಿ ದೂರವನ್ನು ಮಿಲಿಮೀಟರುಗಳ ನಿಷ್ಕರ್ಷೆಯಿಂದ ಅಳೆಯತೊಡಗಿದವರು, ಮರಳುವ ಬೆಳಕು ಇರಬೇಕಾದುದರ ಹತ್ತನೆಯ ಒಂದು ಪಾಲಿಗೆ ಇಳಿದಿರುವುದನ್ನೂ, ಹುಣ್ಣಿಮೆಯ ದಿನಗಳಲ್ಲಿ ಅದು ಇನ್ನಷ್ಟು ಕ್ಷೀಣಿಸುವುದನ್ನೂ ಗಮನಿಸಿದರು. ಗಾಜಿನ ಮೇಲೆ ಕುಳಿತ ಧೂಳು ಬಿಸಿಲಿಗೆ ಕಾಯ್ದು ತುಂಡುಗಳ ಕಾವನ್ನು ಏರುಪೇರು ಮಾಡುತ್ತದೆಂದು ಅವರು ಊಹಿಸಿದರು. 2010ರ ಡಿಸೆಂಬರಿನ ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ಬಿದ್ದೊಡನೆ ಬೆಳಕು ಮತ್ತೆ ಬಲಗೊಂಡುದು ಆ ಊಹೆಯನ್ನು ಪುಷ್ಟೀಕರಿಸಿತು.

2023ರ ಆಗಸ್ಟ್ 23ರಂದು ಭಾರತದ ಚಂದ್ರಯಾನ 3ರ ವಿಕ್ರಮ್ ನೌಕೆಯು, ಬೆಂಗಳೂರಿನ ನಿಯಂತ್ರಣ ಕೇಂದ್ರದವರು ಕಣ್ಣಿಟ್ಟು ನೋಡುತ್ತಿದ್ದಂತೆ, ಚಂದ್ರನ ದಕ್ಷಿಣ ಭಾಗದಲ್ಲಿ ಇಳಿಯಿತು. ಅದರಲ್ಲಿ ಬೆಂಗಳೂರಿನಲ್ಲಿಯೇ ಸಿದ್ಧವಾದ ಕಂಪಮಾಪಕವಿತ್ತು. ನೆಲದ ಮೇಲ್ಪದರದ ಶಾಖವನ್ನಳೆಯುವ ಉಪಕರಣವೂ ಇತ್ತು. ಜೊತೆಗೆ ಅಮೆರಿಕದವರು ಕೊಟ್ಟ, ಅಂಗೈಯಲ್ಲಿ ಅಡಗುವ, ಎಂಟು ಮೂಲೆಗನ್ನಡಿಗಳ ಪುಟ್ಟ ಪ್ರತಿಫಲಕವೊಂದಿತ್ತು. ಹತ್ತು ಹನ್ನೆರಡು ದಿನಗಳ ಕೆಲಸ ಮುಗಿಸಿ ಮಲಗಿಸಲ್ಪಟ್ಟ ವಿಕ್ರಮ್, ಚಂದ್ರನ ದೀರ್ಘ ರಾತ್ರಿಯ ಚಳಿಯನ್ನು ದಾಟಿ ಮತ್ತೆ ಎಚ್ಚರಗೊಳ್ಳಲಿಲ್ಲ. ಅದೇ ವರ್ಷದ ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುತ್ತಿದ್ದ ಅಮೆರಿಕದ ಉಪಗ್ರಹವೊಂದು ಸುಮಾರು 100 ಕಿಲೋಮೀಟರ್ ದೂರದಿಂದ ವಿಕ್ರಮ್‌ನತ್ತ ಲೇಸರ್ ಬೆಳಕನ್ನು ಬಿಟ್ಟಿತು. ಪುಟ್ಟ ಪ್ರತಿಫಲಕವು ಆ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸಿತು.