ಅಧ್ಯಾಯ 6: ಬೆಳ್ಳಿಯ ರೇಣುವೂ ಮದ್ದಿಗೆ ಮಣಿಯದ ಸೂಕ್ಷ್ಮಾಣುವೂ

“ಆ ಗುಳಿಗಿ ನನ್ನ ಮೈಗೆ ರೂಢಿ ಆಗೇತ್ರಿ, ಅದಕ್ಕ ಗುಣಾ ಬರವಲ್ದು” ಎಂಬ ಮಾತನ್ನು ಚಿಕ್ಕೋಡಿಯಿಂದ ಕಾಗವಾಡದವರೆಗೆ ಎಷ್ಟು ಬಾಯಲ್ಲಿ ಕೇಳಿರುವೆನೋ ಲೆಕ್ಕವಿಲ್ಲ. ಮೊದಲು ತಿದ್ದಿಕೊಳ್ಳತಕ್ಕದ್ದು ಇದನ್ನೇ. ರೂಢಿಯಾದುದು ಮೈಗಲ್ಲ, ಮೈಯನ್ನು ಹೊಕ್ಕ ಸೂಕ್ಷ್ಮಾಣುವಿಗೆ. ಮದ್ದಿನ ಹೊಡೆತಕ್ಕೆ ಕೋಟಿ ಸತ್ತು, ಅದನ್ನು ತಾಳಬಲ್ಲ ನಾಲ್ಕು ಉಳಿದರೆ, ಮುಂದಿನ ಸಂತತಿಯೆಲ್ಲ ಆ ನಾಲ್ಕರದೇ; ಸಾಲದುದಕ್ಕೆ ಆ ವಿದ್ಯೆಯನ್ನು ಅವು ನೆರೆಯ ಅನ್ಯಜಾತಿಯ ಸೂಕ್ಷ್ಮಾಣುಗಳಿಗೂ ಧಾರೆಯೆರೆಯಬಲ್ಲವು. ಎಮ್ಮೆಯ ಕೆಚ್ಚಲುಬಾವಿನಲ್ಲಿಯೂ ಇದೇ ಕಥೆ. ವೈದ್ಯರು ಕಟ್ಟಕಡೆಯ ಆಸರೆಯೆಂದು ಕಾಯ್ದಿರಿಸಿಕೊಂಡ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದುದು ಈ ಭಯದಿಂದಲೇ.

ಮದ್ದಿಗೆ ಮಣಿಯದ ಇಂಥ ಸೂಕ್ಷ್ಮಾಣುವಿನ ಎದುರು ಹೂಡಿ ನೋಡುತ್ತಿರುವುದು ಬೆಳ್ಳಿಯ ನ್ಯಾನೋಕಣಗಳನ್ನು. ಮೊದಲು ನ್ಯಾನೋ ಎಂದರೇನೆಂದು ನೋಡೋಣ. ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಸಾಮಾನ್ಯ ಬ್ಯಾಕ್ಟೀರಿಯದ ಗಾತ್ರ ಸಾವಿರ ನ್ಯಾನೋಮೀಟರಿನ ಆಸುಪಾಸು. ವ್ಯಾಖ್ಯೆಗೆ ಇಷ್ಟು ಸಾಕು. ಸ್ವಾರಸ್ಯವಿರುವುದು ಸಣ್ಣತನದಲ್ಲಲ್ಲ, ಸಣ್ಣತನದಿಂದ ಹಿಗ್ಗುವ ಮೇಲ್ಮೈಯಲ್ಲಿ. ನಿಪ್ಪಾಣಿಗೆ ನೆರೆಯದಾದ ಹುಪರಿಯ ಬೆಳ್ಳಿಗೆಲಸದವರಿಂದ ಒಂದು ಸೆಂಟಿಮೀಟರ್ ಅಂಚಿನ ಬೆಳ್ಳಿಯ ಘನವೊಂದನ್ನು ಮಾಡಿಸಿದಿರೆನ್ನಿ: ತೂಕ ಹತ್ತೂವರೆ ಗ್ರಾಂ, ತೊಲೆಗೆ ತುಸು ಕಡಿಮೆ, ಆರು ಮುಖಗಳ ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಅಂಚಿನ ಘನಗಳಾಗಿ ಕತ್ತರಿಸುತ್ತ ಹೋದರೆ, ಬೆಳ್ಳಿ ಗುಂಜಿಯಷ್ಟೂ ಹೆಚ್ಚದೆ, ಮೇಲ್ಮೈ ಮಾತ್ರ 600 ಚದರ ಮೀಟರಾಗುವುದು. ಅಂಗೈಯಲ್ಲಿ ಹಿಡಿದುದರೊಳಗೆ ಹತ್ತಿರ ಹತ್ತಿರ ಆರು ಗುಂಟೆ ಹೊಲ! ಈ ಲೆಕ್ಕವನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗದು.

ಈ ವಿಶಾಲವಾದ ಮೇಲ್ಮೈಯಿಂದ ತೇವ ಮತ್ತು ಆಮ್ಲಜನಕಗಳ ಸಂಪರ್ಕದಲ್ಲಿ ಬೆಳ್ಳಿಯ ಅಯಾನುಗಳು ಕಳಚಿಕೊಳ್ಳುತ್ತವೆ. ಪೆಟ್ಟಿಗೆಯಲ್ಲಿಟ್ಟ ಕಾಲ್ಗೆಜ್ಜೆ ಕಪ್ಪಾಗುವುದು ಬೆಳ್ಳಿಗೂ ಗಂಧಕಕ್ಕೂ ಇರುವ ನಂಟಿನಿಂದಷ್ಟೆ. ಆ ನಂಟೇ ಇಲ್ಲಿ ಆಯುಧ. ಬ್ಯಾಕ್ಟೀರಿಯದ ಪ್ರೋಟೀನುಗಳಲ್ಲಿರುವ ಗಂಧಕವನ್ನು ಅಯಾನು ಅಪ್ಪಿಕೊಂಡಿತೆಂದರೆ ಉಸಿರಾಟದ ಕಿಣ್ವ ಕೆಡುವುದು, ಪೊರೆ ಸೋರುವುದು. ಪೆನಿಸಿಲಿನ್ ಕೋಶಭಿತ್ತಿಯ ನಿರ್ಮಾಣವೊಂದನ್ನೇ ತಡೆದರೆ, ಬೆಳ್ಳಿ ಹಲವು ಕಡೆ ಏಕಕಾಲಕ್ಕೆ ಕೈಹಾಕುತ್ತದೆ. ಸುಟ್ಟಗಾಯದ ಪಟ್ಟಿಗಳಲ್ಲಿ ಬೆಳ್ಳಿ ಸೇರಿರುವುದು ಆದುದರಿಂದಲೇ. (ಹಾಗೆಂದು ಬೆಳ್ಳಿಯ ದ್ರಾವಣವನ್ನು ಕುಡಿಯಬೇಡಿರಿ, ಬಹುಕಾಲ ಕುಡಿದವರ ಚರ್ಮ ಬೂದಿಬಣ್ಣಕ್ಕೆ ತಿರುಗಿ, ಹಾಗೆಯೇ ಉಳಿಯುವುದು.)

ಇಷ್ಟು ಕೇಳಿದೊಡನೆ, “ಹಾಗಾದರೆ ಬೆಳ್ಳಿಗೆ ಎದುರು ನಿಲ್ಲುವ ಸೂಕ್ಷ್ಮಾಣುವೇ ಇಲ್ಲ” ಎಂದು ತಲೆದೂಗುವವರುಂಟು. ವಿದ್ಯಾವಂತರೇ ಇಲ್ಲಿ ಹೆಚ್ಚಾಗಿ ಎಡವುವರು. ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ ಕಂಡುಬಂದ ಸಂಗತಿ 1975ರಲ್ಲಿಯೇ ವರದಿಯಾಯಿತು. ಅಯಾನುಗಳನ್ನು ಹಿಡಿದಿಡುವ ಪ್ರೋಟೀನು, ಹೊರದಬ್ಬುವ ಪಂಪು, ಎರಡೂ ಅದರಲ್ಲಿದ್ದುವು. ಇದಕ್ಕಿಂತ ಚಮತ್ಕಾರದ ಸಂಗತಿಯನ್ನು 2018ರಲ್ಲಿ ಚೆಕ್ ದೇಶದ ಸಂಶೋಧಕರು ಪ್ರಕಟಿಸಿದರು. ನ್ಯಾನೋ ಬೆಳ್ಳಿಯನ್ನು ಮತ್ತೆ ಮತ್ತೆ ಉಣಿಸಿದಾಗ ಈ. ಕೋಲಿ ಬ್ಯಾಕ್ಟೀರಿಯವು ತನ್ನ ಈಜುಬಾಲದ ದ್ರವ್ಯವಾದ ಫ್ಲಾಜೆಲಿನ್ ಎಂಬ ಪ್ರೋಟೀನನ್ನು ಹೊರಕ್ಕೆ ಸ್ರವಿಸಿ, ಚೆದುರಿದ್ದ ಕಣಗಳನ್ನೆಲ್ಲ ಮುದ್ದೆಗಟ್ಟಿಸಿಬಿಟ್ಟಿತು! ನಾವು ಕಷ್ಟಪಟ್ಟು ಗಳಿಸಿದ ಆರು ಗುಂಟೆಯನ್ನು ಅದು ಮಡಿಸಿ ಮತ್ತೆ ಅಂಗೈಗಿಳಿಸಿತು. ಅದೂ ತನ್ನ ವಂಶವಾಹಿಯಲ್ಲಿ ಬದಲಾವಣೆಯಿಲ್ಲದೆ. ಈ ತಂತ್ರವನ್ನು ಮುರಿದುದು ಯಾವುದೆಂದಿರಿ? ಫ್ಲಾಜೆಲಿನ್ ಉತ್ಪತ್ತಿಯನ್ನೇ ತಡೆದ ದಾಳಿಂಬೆಯ ಸಿಪ್ಪೆಯ ಸಾರ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಮತ್ತು ದೀಪಶಿಖಾ ಚಕ್ರವರ್ತಿಯವರ ಬಳಗ ಬೇರೊಂದು ಹಾದಿ ಹಿಡಿದಿದೆ: ಸೀರಿಯಂ ಆಕ್ಸೈಡಿನ ನ್ಯಾನೋಕಣಗಳು ಕಿಣ್ವದಂತೆ ವರ್ತಿಸಿ ಬ್ಯಾಕ್ಟೀರಿಯದ ಪೊರೆಯ ಫಾಸ್ಫೊಲಿಪಿಡ್‌ಗಳನ್ನೇ ಕತ್ತರಿಸುತ್ತವೆ. ಪ್ರಯೋಗಾಲಯದಿಂದ ರೋಗಿಯ ಹಾಸಿಗೆಗೆ ಬರುವ ದಾರಿ ದೀರ್ಘ. ಕಣಗಳು ಯಕೃತ್ತಿನಲ್ಲಿ ಎಷ್ಟುಕಾಲ ತಂಗುವುವೆಂಬುದನ್ನು ಅಳೆಯದೆ ಆ ದಾರಿ ಸಾಗದು. ಇನ್ನೊಂದು ಪ್ರಶ್ನೆಯಂತೂ ನಮ್ಮ ಅಂಗಳದ್ದೇ: ಗಾಯದ ಪಟ್ಟಿಯಿಂದ, ಬೆಳ್ಳಿ ಲೇಪಿಸಿದ ಬಟ್ಟೆಯಿಂದ ತೊಳೆದುಹೋದ ಕಣಗಳು ಚರಂಡಿ ಸೇರಿ, ವೇದಗಂಗೆ ದೂಧಗಂಗೆಗಳ ಮೂಲಕ ಕೃಷ್ಣೆಗಿಳಿದರೆ ಅಲ್ಲಿಯ ಸೂಕ್ಷ್ಮಾಣುಗಳಿಗೆ ಏನನ್ನು ಕಲಿಸುವುವು? ಅಥಣಿ ನಿಪ್ಪಾಣಿಗಳ ಕಾಲೇಜಿನ ಹುಡುಗ ಹುಡುಗಿಯರು ಹೊಳೆಯ ನೀರಿನ ಒಂದು ಸೀಸೆ, ಅಗರ್ ತಟ್ಟೆ, ತುಸು ಬೆಳ್ಳಿ ನೈಟ್ರೇಟು, ಇಷ್ಟರಿಂದಲೇ ಈ ವಿಚಾರಣೆಗೆ ತೊಡಗಬಹುದು. ಬೆಳ್ಳಿಯ ಚುಕ್ಕೆಯ ಸುತ್ತ ಬ್ಯಾಕ್ಟೀರಿಯ ಬೆಳೆಯದೆ ಉಳಿದ ವೃತ್ತ ಎಷ್ಟು ಮಿಲಿಮೀಟರೆಂದು ಅಳೆಯಲು ಶಾಲೆಯ ಅಳತೆಪಟ್ಟಿ ಸಾಕು.